ದೊಡ್ಡ ಬಾಯಾರು ಕೂತರೆ ಏಳದ ಕಂಪ್ಯೂಟರ್

ಬನಹಟ್ಟಿಯ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ನಾನು ಕೆಲವು ವರ್ಷ ಕಂಪ್ಯೂಟರ್ ಕಲಿಸುತ್ತಿದ್ದೆ. ಮನೆ ಜಮಖಂಡಿಯಲ್ಲಿ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವುದು. ಆಗ ಆ ಊರಲ್ಲಿ ಕಂಪ್ಯೂಟರ್ ನೋಡಬೇಕೆಂದರೆ ಒಂದೋ ಬ್ಯಾಂಕಿನ ಗಾಜಿನಾಚೆ ಇಣುಕಬೇಕಿತ್ತು, ಇಲ್ಲವೇ ಮದುವೆ ಪತ್ರಿಕೆ ಮಾಡಿಕೊಡುವ ಅಂಗಡಿಗೆ ಹೋಗಬೇಕಿತ್ತು. ನಮ್ಮ ಶಾಲೆಗೆ ಅವು ಟ್ರ್ಯಾಕ್ಟರಿನಲ್ಲಿ ಬಂದವು, ಕಬ್ಬಿನ ಒಣಗರಿಯ, ಅಂದರೆ ರವದಿಯ, ಮೇಲೆ ಮಲಗಿಕೊಂಡು.

ಅಣೆಕಟ್ಟಿನ ಹಿನ್ನೀರಿಗೆ ಹೋದ ಊರುಗಳ ಪರಿಹಾರ ನೋಡಿಕೊಳ್ಳುತ್ತಿದ್ದ ಬೀಳಗಿ ಕಡೆಯ ಮುಳುಗಡೆ ಆಫೀಸೊಂದು ತನ್ನ ಕೆಲಸ ಮುಗಿಸಿ ಬಾಗಿಲು ಹಾಕಿದಾಗ ಅಲ್ಲಿನ ಹಳೆಯ ಯಂತ್ರಗಳನ್ನು ಆಡಳಿತ ಮಂಡಳಿಯ ಹಿರಿಯರೊಬ್ಬರು ಓಡಾಡಿ ನಮಗೆ ಕೊಡಿಸಿದ್ದರು. ಸರಕಾರಿ ಲೆಕ್ಕ ಹೊರಗೆ ಹೋಗಬಾರದೆಂದು ಒಳಗಿನ ಹಾರ್ಡ್‌ಡಿಸ್ಕುಗಳನ್ನೆಲ್ಲ ಕಿತ್ತುಕೊಂಡೇ ಕಳಿಸಿದ್ದರು. ಒಂದೊಂದರ ನೆತ್ತಿಯ ಮೇಲೂ ಒಂದೊಂದು ಊರಿನ ಹೆಸರು ಬರೆದ ಚೀಟಿ ಅಂಟಿತ್ತು. ಆ ಊರು ಹಿನ್ನೀರಿನಡಿ ಹೋಗಿತ್ತು, ಚೀಟಿ ಉಳಿದಿತ್ತು. ಹುಡುಗಿಯರು ಅವನ್ನು ಕೀಳಲು ಬಿಡಲಿಲ್ಲ. "ಇವತ್ತ ನನಗ ನಮ್ಮ ಆಯಿ ಊರು ಸಿಕ್ಕೈತ್ರೀ" ಎಂದು ಒಬ್ಬಳು ಓಡಿಹೋಗಿ ಕೂತದ್ದು ಈಗಲೂ ಕಣ್ಣಿಗೆ ಕಟ್ಟಿದೆ.

ಹಾರ್ಡ್‌ಡಿಸ್ಕ್ ಇಲ್ಲದ ಕಂಪ್ಯೂಟರುಗಳನ್ನು ಏನು ಮಾಡುವುದೆಂದು ನನಗೆ ತಿಳಿದಿರಲಿಲ್ಲ. ಮುಧೋಳದ ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸುವ ಗೆಳತಿಗೆ ಫೋನ್ ಮಾಡಿದೆ. ನಾವಿಬ್ಬರೂ ಜಮಖಂಡಿಯಲ್ಲಿ ಒಂದೇ ಬೆಂಚಿನ ಮೇಲೆ ಕೂತು ಓದಿದವರು. ಅವಳಿಗೆ ಲಿನಕ್ಸಿನ ಹುಚ್ಚು.

"ಹಾರ್ಡ್‌ಡಿಸ್ಕ್ ಇಲ್ಲಂದ್ರ ಇನ್ನೂ ಛಲೋ ಆತು" ಎಂದಳು. "ಒಂದ ಒಂದು ಹೊಸಾ ಕಂಪ್ಯೂಟರ್ ಕೊಡಸಾಕ ಹೇಳು. ಉಳದದ್ದು ನನಗ ಬಿಡು."

ಅದರಂತೆ ಒಂದು ಹೊಸದು ಬಂತು. ಅದಕ್ಕೆ ಲಿನಕ್ಸ್ ಹಾಕಿ ಸರ್ವರ್ ಮಾಡಿದಳು. ಹಳೆಯವನ್ನೆಲ್ಲ ವೈರಿನಿಂದ ಅದಕ್ಕೆ ಜೋಡಿಸಿದಳು. ಹಳೆಯವು ಬರೀ ಮುಖ ಮತ್ತು ಕೈ. ತಲೆ ಇರುವುದು ಸರ್ವರಿನಲ್ಲಿ. ಇಂಥವಕ್ಕೆ ಥಿನ್ ಕ್ಲೈಂಟ್ ಎನ್ನುತ್ತಾರೆ. ಪ್ರತಿಯೊಂದಕ್ಕೂ ಒಂದು ಫ್ಲಾಪಿ ಇರುತ್ತಿತ್ತು. ಸ್ವಿಚ್ ಹಾಕಿದೊಡನೆ ಯಂತ್ರ ಆ ಫ್ಲಾಪಿಯನ್ನು ಕರಕರ ಎಂದು ಓದಿಕೊಂಡು ವೈರಿನೊಳಗೆ ಒಂದು ಕೂಗು ಹಾಕುತ್ತಿತ್ತು: ನಾನ್ಯಾರು, ನನ್ನ ವಿಳಾಸ ಏನು, ನಾನೇನು ಮಾಡಬೇಕು? ಸರ್ವರ್ ಉತ್ತರ ಕೊಟ್ಟರೆ ಎದ್ದು ಕೂರುತ್ತಿತ್ತು. ಯಾವ ಹುಡುಗಿ ಎಲ್ಲಿ ಕೂತರೂ ತನ್ನ ಹೆಸರು ಒತ್ತಿದರೆ ಅವಳು ನಿನ್ನೆ ಬರೆದ ಚಿತ್ರ ಅಲ್ಲಿಯೇ ಬರುತ್ತಿತ್ತು. ನೇಕಾರರ ಮನೆಯ ಹುಡುಗಿಯರು ಸೀರೆಯ ಅಂಚುಗಳನ್ನೇ ಬರೆಯುತ್ತಿದ್ದರು. ಮನೆಯಲ್ಲಿ ದಿನವೂ ನೋಡುವುದು ಅದನ್ನೇ ಅಲ್ಲವೇ.

ಸರ್ವರಿಗೆ ಹುಡುಗಿಯರು ದೊಡ್ಡಾಕಿ ಎಂದು ಹೆಸರಿಟ್ಟರು. ಇದರಿಂದ ಒಮ್ಮೆ ಫಜೀತಿಯೂ ಆಯಿತು. ನಮ್ಮ ಹೆಡ್‌ಮಿಸ್ಟ್ರೆಸ್ಸರನ್ನು ಇಡೀ ಶಾಲೆ ದೊಡ್ಡ ಬಾಯಾರು ಎನ್ನುತ್ತಿತ್ತು; ನಮ್ಮ ಕಡೆ ಟೀಚರಮ್ಮನಿಗೆ ಬಾಯಾರು ಎನ್ನುವುದು ವಾಡಿಕೆ. ಒಂದು ಬೆಳಿಗ್ಗೆ ಅವರು ಲ್ಯಾಬಿನ ಬಾಗಿಲಲ್ಲಿ ನಿಂತಿದ್ದಾಗಲೇ ಒಳಗಿನಿಂದ ಒಬ್ಬಳು, "ದೊಡ್ಡಾಕಿ ಇನ್ನೂ ಎದ್ದಿಲ್ರೀ, ಎದ್ದ ಮ್ಯಾಲ ಭಾಳ ಗುರುಗುಟ್ಟತಾಳ" ಎಂದು ನನಗೆ ವರದಿ ಒಪ್ಪಿಸಿದಳು. ಬಾಯಾರು ಒಳಗೆ ಬಂದು, "ಯಾರಿಗೆ ಅಂದಿ?" ಎಂದು ಕೇಳಿದರು. ಹುಡುಗಿ ಸರ್ವರಿನ ಕಡೆ ಬೆರಳು ತೋರಿಸಿದಳು. ಅದರ ಫ್ಯಾನು ನಿಜಕ್ಕೂ ಗುರುಗುಟ್ಟುತ್ತಿತ್ತು. ಬಾಯಾರು ಅದನ್ನು ಸ್ವಲ್ಪ ಹೊತ್ತು ನೋಡಿ, "ಆಗಲಿ" ಎಂದು ಹೊರಟುಹೋದರು.

ಬಾಯಾರು ನಿವೃತ್ತಿಗೆ ಹತ್ತಿರವಾಗಿದ್ದರು. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಎರಡರಲ್ಲೂ ಶುದ್ಧವಾಗಿ ಸಿಟ್ಟು ಮಾಡಬಲ್ಲವರು. ಒಂದು ವಸ್ತು ಅದರ ಜಾಗದಲ್ಲಿ ಇಲ್ಲದಿದ್ದರೆ ಅವರಿಗೆ ಸಮಾಧಾನವಿಲ್ಲ. ವರಾಂಡದಲ್ಲಿ ನಡೆಯುತ್ತ ಸೊಟ್ಟಗಿದ್ದ ಚಪ್ಪಲಿಯನ್ನು ಕಾಲಿನಿಂದಲೇ ನೆಟ್ಟಗೆ ಮಾಡಿ ಮುಂದೆ ಹೋಗುವವರು. ದೀಪಾವಳಿ ಸೂಟಿ ಮುಗಿದ ಮೇಲೆ ಒಂದು ದಿನ ನನ್ನನ್ನು ಕರೆಸಿ, "ನನಗ ಕನ್ನಡ ಟೈಪ್ ಮಾಡ್ಲಿಕ್ಕೆ ಕಲಸ್ರಿ" ಎಂದರು.

ಕಾರಣ ಪ್ರಶ್ನೆಪತ್ರಿಕೆ. ಕನ್ನಡದ ಪತ್ರಿಕೆಯನ್ನು ಅವರೇ ತೆಗೆಯುತ್ತಿದ್ದರು. ಅಚ್ಚು ಹಾಕಿಸುವುದು ಹೊರಗಡೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ 'ಬಿಟ್ಟ ಸ್ಥಳ ತುಂಬಿರಿ' ಎನ್ನುವುದು 'ಕೆಟ್ಟ ಸ್ಥಳ ತುಂಬಿರಿ' ಎಂದು ಅಚ್ಚಾಗಿ ಬಂದಿತ್ತು. ಹುಡುಗಿಯರು ಬಹಳ ಶ್ರದ್ಧೆಯಿಂದ ಅದರ ಕೆಳಗೆ ಬಸ್‌ಸ್ಟ್ಯಾಂಡಿನ ಹಿಂದಿನ ಜಾಗ, ಸಂತೆಯ ಗಟಾರ ಎಂದೆಲ್ಲ ತುಂಬಿದ್ದರು. "ನನ್ನ ಪೇಪರ್ ನಾನ ಬಡೀತೀನಿ" ಎಂದರು ಬಾಯಾರು. ಬಡಿಯುವುದು ಎಂದರೆ ಟೈಪ್ ಮಾಡುವುದು ಎಂದೇ ನಾನು ಅರ್ಥ ಮಾಡಿಕೊಂಡೆ.

ಅವರಿಗಾಗಿ ಮೂಲೆಯ ಒಂದು ಯಂತ್ರವನ್ನು ಒರೆಸಿ, ಬಟ್ಟೆ ಹೊದಿಸಿ ಎತ್ತಿಟ್ಟೆ. ಊಟದ ಬಿಡುವಾದ ಮೇಲೆ ಬಂದರು. ಸುತ್ತ ಎಂಟನೆಯ ಇಯತ್ತೆಯ ಹುಡುಗಿಯರು ಕೂತು ಅಂಚು ಬರೆಯುತ್ತಿದ್ದರು. ನಾನು ಮೂಲೆಯ ಯಂತ್ರದ ಸ್ವಿಚ್ ಹಾಕಿದೆ. ಫ್ಲಾಪಿ ಕರಕರ ಎಂದಿತು. ಕಪ್ಪು ಪರದೆಯ ಮೇಲೆ ನಾಲ್ಕು ಸಾಲು ಬಿಳಿ ಅಕ್ಷರ ಬಂದು ನಿಂತವು. ಕಡೆಯ ಸಾಲಿನ ಅರ್ಥ: ಫೈಲಿನ ಹೆಸರು ಸಿಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಅದೇ ನಾಲ್ಕು ಸಾಲು.

ಫ್ಲಾಪಿ ಕೆಟ್ಟಿರಬೇಕೆಂದು ಬೇರೆ ಹಾಕಿದೆ. ಅದೇ ಕಥೆ. ನಾಳೆಗೆ ಸರಿ ಮಾಡಿಡುತ್ತೇನೆ ಎಂದೆ.

ಮರುದಿನ ಬೆಳಿಗ್ಗೆ ಪ್ರಾರ್ಥನೆಗೂ ಮುಂಚೆ ಎಲ್ಲ ಯಂತ್ರಗಳ ಜೊತೆ ಮೂಲೆಯದನ್ನೂ ಎಬ್ಬಿಸಿ ನೋಡಿದೆ. ಚೆನ್ನಾಗಿ ಎದ್ದಿತು. ಖುಷಿಯಿಂದ ಆರಿಸಿ ಬಟ್ಟೆ ಹೊದಿಸಿದೆ. ಮಧ್ಯಾಹ್ನ ಬಾಯಾರು ಬಂದು ಕೂತರು, ಸ್ವಿಚ್ ಹಾಕಿದೆ, ಏಳಲಿಲ್ಲ. ಅಕ್ಕಪಕ್ಕದ ಯಂತ್ರಗಳು ಏನೂ ಆಗದವರಂತೆ ನಡೆಯುತ್ತಿದ್ದವು.

ಹುಡುಗಿಯೊಬ್ಬಳು ತನ್ನ ಜಾಗ ಬಿಟ್ಟುಕೊಡಲು ಎದ್ದಳು. "ನೀ ಕೂಡು" ಎಂದು ಬಾಯಾರು ಅವಳನ್ನು ಕೂರಿಸಿದರು. "ಅಲ್ರೀ, ನಾ ಬಂದಾಗ ಇದಕ್ಕ ಏನಾಗ್ತದ?" ಎಂದು ನನ್ನನ್ನು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸ್ವಲ್ಪ ನೊಂದುಕೊಂಡಂತಿತ್ತು. ಇಷ್ಟು ವರ್ಷ ಯಾರನ್ನು ಬೇಕಾದರೂ ನಿಲ್ಲಿಸಿ ಪ್ರಶ್ನೆ ಕೇಳಬಲ್ಲವರಾಗಿದ್ದ ಅವರು ಒಂದು ಡಬ್ಬಿಯ ಮುಂದೆ ಕಾಯುತ್ತ ಕೂತದ್ದು ನೋಡಿ ನನಗೂ ಕೆಡುಕೆನಿಸಿತು.

ಅಲ್ಲಿಂದ ನನ್ನ ಹುಡುಕಾಟ ಶುರುವಾಯಿತು. ಯಂತ್ರಗಳ ವೈರುಗಳನ್ನೆಲ್ಲ ಬಿಚ್ಚಿ ನೋಡಿದೆ. ಒಂದನ್ನು ಇಲಿ ರುಚಿ ನೋಡಿ ಬಿಟ್ಟಿತ್ತು, ಅದು ಬೇರೆ ಯಂತ್ರದ್ದು. ನೆಟ್‌ವರ್ಕ್ ಕಾರ್ಡ್ ಬದಲಿಸಿದೆ. ಮೂಲೆಯ ಯಂತ್ರವನ್ನು ಕಿಟಕಿಯ ಪಕ್ಕಕ್ಕೂ ಕಿಟಕಿಯದನ್ನು ಮೂಲೆಗೂ ಹೊತ್ತು ಹಾಕಿದೆ. ಪವರ್‌ಲೂಮುಗಳು ನಡೆಯುವಾಗ ಊರಿನ ಕರೆಂಟು ಏರಿಳಿಯುತ್ತದೆ, ಅದಿರಬಹುದೆಂದು ಲೂಮುಗಳಿಗೆ ಸೂಟಿ ಇದ್ದ ದಿನವನ್ನೂ ನೋಡಿದೆ. ಎಲ್ಲದರ ಫಲ ಒಂದೇ: ಬೆಳಿಗ್ಗೆ ಏಳುತ್ತದೆ, ಬಾಯಾರು ಬಂದರೆ ಏಳುವುದಿಲ್ಲ. ಅಪರೂಪಕ್ಕೊಮ್ಮೆ ಬಾಯಾರು ಇದ್ದಾಗಲೂ ಎದ್ದುಬಿಡುತ್ತಿತ್ತು. ಅದರಿಂದ ನನ್ನ ತಲೆ ಇನ್ನಷ್ಟು ಕೆಡುತ್ತಿತ್ತು. ಪೂರ್ತಿ ಕೆಟ್ಟದ್ದನ್ನು ರಿಪೇರಿ ಮಾಡಬಹುದು, ಮನಸ್ಸು ಬಂದಾಗ ಕೆಡುವುದನ್ನು ಹಿಡಿಯುವುದು ಕಷ್ಟ.

ಹುಡುಗಿಯರು ತಮ್ಮದೇ ತೀರ್ಮಾನಕ್ಕೆ ಬಂದಿದ್ದರು. "ಏಳುವಾಗ ಬಾಯಾರು ನೋಡಬಾರದ್ರೀ ಟೀಚರ. ಅದಕ್ಕ ಅಂಜಿಕಿ ಬರತೈತಿ."

ಕಡೆಗೆ ಗೆಳತಿಯನ್ನು ಕರೆಸಿದೆ. ಕಾಲೇಜಿಗೆ ರಜೆ ಇದ್ದ ಭಾನುವಾರ ಮುಧೋಳದಿಂದ ಬಂದಳು. ಶಾಲೆಯ ಬೀಗ ತೆಗೆಸಿ ಇಬ್ಬರೂ ಲ್ಯಾಬಿನಲ್ಲಿ ಕೂತೆವು. ಮೂಲೆಯ ಯಂತ್ರವನ್ನು ಆರಿಸುವುದು, ಹೊತ್ತಿಸುವುದು, ಮತ್ತೆ ಆರಿಸುವುದು. ಪ್ರತಿ ಸಲವೂ ಎದ್ದಿತು. ನಾವು ಕಟ್ಟಿಸಿಕೊಂಡು ಬಂದಿದ್ದ ಮಿರ್ಚಿ ಮಂಡಕ್ಕಿ ಮುಗಿಯಿತು, ಯಂತ್ರ ಒಮ್ಮೆಯೂ ತಪ್ಪಲಿಲ್ಲ.

"ನಿಮ್ಮ ಬಾಯಾರನ್ನ ಬಿಟ್ರ ಎಲ್ಲಾ ಸರಿ ಐತಿ ನೋಡಲೇ" ಎಂದಳು.

"ಹಂಗಂತ ಅವರಿಗೆ ಹೆಂಗ ಹೇಳ್ಲಿ?"

ಅವಳು ಕೈ ಒರೆಸಿಕೊಳ್ಳುತ್ತ ಯೋಚಿಸಿದಳು. ಫಿಜಿಕ್ಸಿನವಳಲ್ಲವೇ. "ಅವರು ಎಂಥಾ ಸೀರಿ ಉಡತಾರ?"

"ಯಾಕ?"

"ಈಗ ಥಂಡಿ ದಿನ, ಹವಾ ಒಣಗಿರತೈತಿ. ಪಾಲಿಸ್ಟರ್ ಸೀರಿ ಉಟ್ಟು ಕುರ್ಚಿ ಮ್ಯಾಲ ಸರಿದಾಡಿದ್ರ ಮೈಯಾಗ ಕರೆಂಟ್ ಕೂಡತೈತಿ. ಹಳೇ ಕಾರ್ಡಿಗೆ ಅಷ್ಟ ಸಾಕು."

ಅವಳು ತಮಾಷೆಗೆ ಹೇಳಿದಳೋ ಖರೆ ಹೇಳಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಸೋಮವಾರ ನಾನು ಬಹಳ ಸುತ್ತು ಬಳಸಿ ಈ ಮಾತನ್ನು ಬಾಯಾರ ಕಿವಿಗೆ ಹಾಕಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡರು. ಮಂಗಳವಾರ ಕೈಮಗ್ಗದ ದಪ್ಪ ನೂಲಿನ ಸೀರೆ ಉಟ್ಟು ಬಂದರು. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಕಬ್ಬಿಣದ ಕಿಟಕಿಯ ಸರಳನ್ನು ಒಂದು ಸಲ ಮುಟ್ಟಿ, ಕುರ್ಚಿಯ ಮೇಲೆ ಅಲುಗಾಡದೆ ಕೂತರು. ನಾನು ಸ್ವಿಚ್ ಹಾಕಿದೆ. ಇಡೀ ತರಗತಿ ಅಂಚು ಬರೆಯುವುದನ್ನು ಬಿಟ್ಟು ನೋಡುತ್ತಿತ್ತು.

ಏಳಲಿಲ್ಲ.

ಬಾಯಾರು ಎದ್ದು ನಿಂತು ಸೆರಗು ಸರಿ ಮಾಡಿಕೊಂಡರು. "ಇರಲಿ ಬಿಡ್ರಿ" ಎಂದರು. "ಎಲ್ಲಾರಿಗೂ ಎಲ್ಲಾ ಬರಬೇಕಂತ ಏನಿಲ್ಲ." ಆ ಮಾತು ನನಗೆ ನಾಟಿತು. ಆಮೇಲೆ ಎರಡು ಮೂರು ದಿನ ಅವರು ಲ್ಯಾಬಿನ ಕಡೆ ಬರಲಿಲ್ಲ.

ಆ ವಾರದಲ್ಲೇ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಸರ್ವರಿಗೆ ಮಾತ್ರ ಬ್ಯಾಟರಿ ಇತ್ತು, ಉಳಿದವೆಲ್ಲ ಆರಿದವು. ಕರೆಂಟು ಬಂದ ಮೇಲೆ ಹುಡುಗಿಯರೇ ಎಲ್ಲವನ್ನೂ ಹೊತ್ತಿಸಿದರು. ಕೆಲವು ಎದ್ದವು, ಕೆಲವು ಅದೇ ನಾಲ್ಕು ಸಾಲು ತೋರಿಸುತ್ತ ನಿಂತವು. ಬಾಯಾರು ತಮ್ಮ ಕೋಣೆಯಲ್ಲಿದ್ದರು. ಲ್ಯಾಬಿನ ಹತ್ತಿರವೂ ಸುಳಿದಿರಲಿಲ್ಲ. ನನಗಾದ ಸಂತೋಷ ಅಷ್ಟಿಷ್ಟಲ್ಲ. ಅರ್ಧ ಲ್ಯಾಬು ಸತ್ತು ಬಿದ್ದಾಗ ಸಂತೋಷಪಟ್ಟ ಟೀಚರು ನಾನೊಬ್ಬಳೇ ಇರಬೇಕು. ತಪ್ಪು ಬಾಯಾರದಲ್ಲ ಎಂದಾಯಿತಲ್ಲ.

ಪಕ್ಕಪಕ್ಕದ ಎರಡು ಯಂತ್ರಗಳ ಮುಂದೆ ಮೊಣಕಾಲೂರಿ ಕೂತೆ. ಒಂದು ಎದ್ದಿತ್ತು, ಒಂದು ಏಳಲಿಲ್ಲ. ಎದ್ದದ್ದನ್ನು ಮತ್ತೆ ಆರಿಸಿ ಹೊತ್ತಿಸಿದೆ. ಬಿಳಿ ಸಾಲುಗಳು ಓಡಿಹೋಗುವ ಮುನ್ನ ಕಣ್ಣಿಟ್ಟು ಓದಿದೆ. ಇಷ್ಟು ದಿನ ನಾನು ಕಡೆಯ ಸಾಲನ್ನಷ್ಟೇ ಓದುತ್ತಿದ್ದೆ, ಅಲ್ಲೇ ಬೈಗುಳ ಇರುತ್ತಿತ್ತಲ್ಲ. ಅದರ ಮೇಲಿನ ಸಾಲಿನಲ್ಲಿ ಯಂತ್ರಕ್ಕೆ ಸಿಕ್ಕ ವಿಳಾಸ ಮತ್ತು ಅದನ್ನು ಕೊಟ್ಟವರ ವಿಳಾಸ ಇರುತ್ತವೆ, ಬರೀ ಅಂಕಿಗಳಲ್ಲಿ. ಎದ್ದ ಯಂತ್ರಕ್ಕೆ ವಿಳಾಸ ಕೊಟ್ಟದ್ದು ನಮ್ಮ ಸರ್ವರ್. ಏಳದಿದ್ದ ಯಂತ್ರದ ಸಾಲಿನಲ್ಲಿ ಅಂಕಿಗಳು ಬೇರೆಯೇ ಇದ್ದವು. ಅಂಥ ವಿಳಾಸದ್ದು ನಮ್ಮ ಲ್ಯಾಬಿನಲ್ಲಿ ಯಾವುದೂ ಇರಲಿಲ್ಲ.

ವರಾಂಡಕ್ಕೆ ಬಂದು ಗೆಳತಿಗೆ ಫೋನ್ ಮಾಡಿ ಅಂಕಿ ಓದಿ ಹೇಳಿದೆ.

"ಅಲ್ಲೆ ಇನ್ನೊಬ್ಬಾಕಿ ಅದಾಳ" ಎಂದಳು.

"ಯಾರು?"

"ವಿಳಾಸ ಹಂಚಾಕಿ. ಯಂತ್ರ ಎದ್ದ ಕೂಡಲೆ ನಾ ಯಾರು ಅಂತ ಒದರತೈತಲ್ಲ, ಆಗ ಮೊದಲ ಯಾರ ಓ ಅಂತಾರೋ ಅವರ ಮಾತ ಕೇಳತೈತಿ. ನಿಮ್ಮ ದೊಡ್ಡಾಕಿಗಿಂತ ಮೊದಲ ಬ್ಯಾರೆ ಯಾರೋ ಓ ಅನ್ನಾಕತ್ತಾರ. ಆಕಿ ವಿಳಾಸ ಕೊಡತಾಳ, ಮುಂದ ಏನ ಮಾಡಬೇಕನ್ನೋದು ಆಕಿಗೆ ಗೊತ್ತಿಲ್ಲ. ಅದು ಅಲ್ಲೇ ನಿಂದರತೈತಿ. ಸಾಲ್ಯಾಗ ಹೊಸಾ ಡಬ್ಬಿ ಏನರ ಬಂದೈತೇನು? ವೈರ್ ಹಿಡಕೊಂಡ ಹೋಗು, ಸಿಗತಾಳ."

ವೈರುಗಳೆಲ್ಲ ಬಂದು ಸೇರುವ ಪೆಟ್ಟಿಗೆಯ ಮುಂದೆ ಕೂತು ಒಂದೊಂದನ್ನೇ ಕೈಯಲ್ಲಿ ಹಿಡಿದು ಅದರ ಯಂತ್ರದ ತನಕ ಹೋದೆ. ಒಂದು ವೈರು ಮಾತ್ರ ಯಾವ ಯಂತ್ರಕ್ಕೂ ಹೋಗದೆ ಕಿಟಕಿಯಿಂದ ಹೊರಬಿದ್ದಿತ್ತು. ಅದನ್ನು ಹಿಡಿದು ವರಾಂಡದುದ್ದಕ್ಕೂ ಗೋಡೆಗೆ ಕಣ್ಣು ಕೀಲಿಸಿಕೊಂಡು ನಡೆದೆ. ಹಿಂದೆ ಹುಡುಗಿಯರ ಒಂದು ಸಾಲು. ವೈರು ಹಿಂದಿ ಟೀಚರ ತರಗತಿ ದಾಟಿ, ನೀರಿನ ಟಾಕಿ ದಾಟಿ, ದೊಡ್ಡ ಬಾಯಾರ ಕೋಣೆಯ ವೆಂಟಿಲೇಟರಿನಲ್ಲಿ ಒಳಗೆ ಹೋಯಿತು. ಹುಡುಗಿಯರು ಅಲ್ಲಿಗೇ ನಿಂತರು.

ಆಗ ನೆನಪಾಯಿತು. ಲ್ಯಾಬು ಕಟ್ಟುವಾಗ ಗೆಳತಿ, ಮುಂದೆ ಬಾಯಾರ ಕೋಣೆಗೂ ಒಂದು ಯಂತ್ರ ಬೇಕಾಗಬಹುದೆಂದು ಒಂದು ವೈರು ಎಳೆದು ಬಿಟ್ಟಿದ್ದಳು. ಯಂತ್ರ ಬರಲಿಲ್ಲ, ವೈರಿನ ತುದಿ ಗೋಡೆಯಲ್ಲಿ ಜೋತಾಡುತ್ತ ಉಳಿದಿತ್ತು.

ಬಾಯಾರು ಚಹಾ ಕುಡಿಯುತ್ತಿದ್ದರು. "ಒಂದ್ ನಿಮಿಷ್ರೀ ಬಾಯಾರ" ಎಂದು ಅವರ ಟೇಬಲ್ಲಿನ ಕೆಳಗೆ ಬಗ್ಗಿದೆ. ಅಲ್ಲಿ ಒಂದು ಪುಟ್ಟ ಮಣೆಯ ಮೇಲೆ, ಕ್ರೋಶಾದ ಹೊದಿಕೆ ಹೊದ್ದುಕೊಂಡು, ಹಸಿರು ದೀಪ ಮಿಣುಕಿಸುತ್ತ ಇಂಟರ್‌ನೆಟ್ಟಿನ ಮೋಡೆಮ್ ಕೂತಿತ್ತು. ದೀಪಾವಳಿ ಸೂಟಿಯಲ್ಲಿ ಟೆಲಿಫೋನಿನವರು ಬಂದು ಕೂರಿಸಿ ಹೋಗಿದ್ದರು. ಪಕ್ಕದ ಕೋಣೆಯಲ್ಲಿ ಕ್ಲಾರ್ಕ್ ಬಳಸುವ ಕಂಪ್ಯೂಟರಿನ ವೈರು ಅದರ ಒಂದು ತೂತಿನಲ್ಲಿ, ನಮ್ಮ ಲ್ಯಾಬಿನ ವೈರು ಅದರ ಪಕ್ಕದ ತೂತಿನಲ್ಲಿ, ಎರಡೂ ಒಂದೇ ಅಳತೆಗೆ ಸುತ್ತಿ ದಾರದಿಂದ ಕಟ್ಟಲ್ಪಟ್ಟು ಅಚ್ಚುಕಟ್ಟಾಗಿದ್ದವು.

"ಇದನ್ನ ಇಲ್ಲಿ ಯಾರು ಹಾಕ್ಯಾರ್ರೀ?" ಎಂದು ಟೇಬಲ್ಲಿನ ಕೆಳಗಿನಿಂದಲೇ ಕೇಳಿದೆ.

"ನಾನ ಹಾಕೀನಿ" ಎಂದರು ಮೇಲಿನಿಂದ. "ಜೋತಾಡ್ಲಿಕ್ಕೆ ಹತ್ತಿತ್ತು. ಕಸ ಹೊಡೆಯೋವಾಗ ಕಸಬರಿಗಿಗೆ ಸಿಗ್ತಿತ್ತು. ಈ ಡಬ್ಬಿ ಬಂದ ಮ್ಯಾಲೆ ನೋಡಿದೆ, ಅದೇ ಅಳತಿ ತೂತು ಖಾಲಿ ಅದ. ಹಾಕಿದೆ. ಟಕ್ ಅಂತ ಕೂತ್ಕೊಂಡ್ತು." ಆಮೇಲೆ ತಾವೂ ಬಗ್ಗಿ ನೋಡುತ್ತ, "ಯಾಕ, ಹಾಕಬಾರದಿತ್ತೇನು?" ಎಂದರು.

ಟೇಬಲ್ಲಿನಡಿಯಿಂದ ಹೊರಗೆ ಬಂದು ಎಲ್ಲವನ್ನೂ ವಿವರಿಸಿದೆ. ದಿನವೂ ಪ್ರಾರ್ಥನೆ ಮುಗಿಸಿ ಕೋಣೆಗೆ ಬಂದ ಕೂಡಲೇ ಅವರು ಈ ಡಬ್ಬಿಯ ಸ್ವಿಚ್ ಹಾಕುತ್ತಿದ್ದರು. ಅದಕ್ಕೂ ಮುಂಚೆ ಎದ್ದ ಯಂತ್ರಗಳಿಗೆ ನಮ್ಮ ಸರ್ವರ್ ವಿಳಾಸ ಕೊಟ್ಟಾಗಿರುತ್ತಿತ್ತು, ಅವು ದಿನವಿಡೀ ಸುಖವಾಗಿ ನಡೆಯುತ್ತಿದ್ದವು. ಮಧ್ಯಾಹ್ನ ಅವರಿಗಾಗಿ ಹೊತ್ತಿಸುವ ಯಂತ್ರಕ್ಕೆ ಹೆಚ್ಚಿನ ಸಲ ಈ ಡಬ್ಬಿಯೇ ಮೊದಲು ಓ ಎನ್ನುತ್ತಿತ್ತು; ಅಪರೂಪಕ್ಕೆ ನಮ್ಮ ಸರ್ವರ್ ಮೊದಲಾದಾಗ ಮಾತ್ರ ಅದು ಏಳುತ್ತಿತ್ತು. ಭಾನುವಾರ ಕೋಣೆಗೆ ಬೀಗ, ಡಬ್ಬಿ ಆರಿರುತ್ತಿತ್ತು, ಎಲ್ಲವೂ ಸರಿ.

ಬಾಯಾರು ಚಹಾದ ಬಟ್ಟಲು ಕೆಳಗಿಟ್ಟರು. "ಅಂದ್ರ ನಾ ಇಲ್ಲಿ ದೀಪ ಹಚ್ಚಿ ಬಂದು ಅಲ್ಲಿ ಕತ್ತಲಿ ಯಾಕಂತ ಕೇಳ್ತಿದ್ದೆ."

ಆಮೇಲೆ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು. ಹೆಗಲು ಕುಣಿಯುವಂಥ ನಗು, ಕಣ್ಣಲ್ಲಿ ನೀರು. ಬಾಗಿಲ ಹೊರಗಿದ್ದ ಹುಡುಗಿಯರು ಮೊದಲು ಹೆದರಿದರು, ಆಮೇಲೆ ಕಾರಣ ತಿಳಿಯದೆಯೇ ನಗತೊಡಗಿದರು. ಬಾಯಾರು ತಾವೇ ಬಗ್ಗಿ ವೈರು ಕಿತ್ತರು. ಕಿತ್ತದ್ದನ್ನು ಜೋತು ಬಿಡಲು ಮನಸ್ಸಾಗದೆ ಸುತ್ತಿ ಮೊಳೆಗೆ ನೇತುಹಾಕಿ, "ನಡೀರಿ" ಎಂದರು. ಲ್ಯಾಬಿಗೆ ಬಂದು ಮೂಲೆಯಲ್ಲಿ ಕೂತರು. ಉಟ್ಟದ್ದು ಪಾಲಿಸ್ಟರ್ ಸೀರೆಯೇ. ಸ್ವಿಚ್ ಹಾಕಿದೆ. ಫ್ಲಾಪಿ ಕರಕರ ಎಂದಿತು, ಸಾಲುಗಳು ಓಡಿದವು, ಪರದೆ ನೀಲಿಯಾಗಿ ಅವರ ಹೆಸರು ಕೇಳಿತು. ಬಾಯಾರು ಒಂದೇ ಬೆರಳಿನಿಂದ, ಪ್ರತಿ ಅಕ್ಷರಕ್ಕೂ ಕೀಬೋರ್ಡನ್ನು ಪೂರ್ತಿ ಹುಡುಕಿ, ತಮ್ಮ ಹೆಸರು ಒತ್ತಿದರು.

ಮುಂದೆ ಗೆಳತಿ ಫೋನಿನಲ್ಲೇ ಹೇಳಿಕೊಟ್ಟಂತೆ ಆ ಡಬ್ಬಿಯ ವಿಳಾಸ ಹಂಚುವ ಚಟವನ್ನು ನಿಲ್ಲಿಸಿದೆ. ವೈರು ಮರಳಿ ತನ್ನ ತೂತಿಗೆ ಹೋಯಿತು. ಆಮೇಲೆ ಸರ್ವರಿಗೂ ಅದರ ದಾರಿ ತೋರಿಸಿಕೊಟ್ಟೆ; ಲ್ಯಾಬಿಗೂ ಇಂಟರ್‌ನೆಟ್ ಬಂದಂತಾಯಿತು. ವಾರ್ಷಿಕ ಪರೀಕ್ಷೆಯ ಕನ್ನಡ ಪತ್ರಿಕೆಯನ್ನು ಬಾಯಾರೇ ಬಡಿದರು. ಅಚ್ಚಾಗಿ ಬಂದ ಹಾಳೆಯಲ್ಲಿ ಒಂದೇ ಒಂದು ತಪ್ಪಿತ್ತು. ಅದನ್ನು ಅವರೇ ಹಿಡಿದು, ಎಲ್ಲ ಪ್ರತಿಗಳಲ್ಲೂ ಪೆನ್ನಿನಿಂದ ತಿದ್ದಿ, ನನಗೆ ಹೇಳಬೇಡವೆಂದು ಕ್ಲಾರ್ಕಿಗೆ ತಾಕೀತು ಮಾಡಿದ್ದರಂತೆ. ಕ್ಲಾರ್ಕು ಮೊದಲು ಬಂದು ಹೇಳಿದ್ದು ನನಗೇ.

ಅವರು ನಿವೃತ್ತರಾಗುವ ಸ್ವಲ್ಪ ಮೊದಲು ತೇರದಾಳದ ಒಂದು ಶಾಲೆಯಿಂದ ಕರೆ ಬಂತು. ಅಲ್ಲೂ ನಮ್ಮಂಥದೇ ಲ್ಯಾಬು. ಹೆಸರು ಒತ್ತಿದರೆ ಒಳಗೆ ಬಿಡದೆ ಮತ್ತೆ ಹೆಸರೇ ಕೇಳುತ್ತಿದೆ ಎಂದರು. ನಾನು ಹೊರಟಾಗ ಬಾಯಾರೂ ಚೀಲ ಹಿಡಿದು ಬಸ್‌ಸ್ಟ್ಯಾಂಡಿಗೆ ಬಂದರು. "ಇಬ್ಬರು ಹೋದ್ರ ಲಗೂ ಸಿಗ್ತದ" ಎಂದರು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ, ಡಬ್ಬಿ ಎಲ್ಲಿ ಇಟ್ಟಿರಬಹುದು ಎಂದು ಊಹಿಸುತ್ತಿದ್ದರು.

ಶಾಲೆ ಮುಟ್ಟಿದ ಕೂಡಲೇ ನಾನು ಲ್ಯಾಬಿಗೆ ಹೋದರೆ ಅವರು ನೇರ ಅಲ್ಲಿನ ಹೆಡ್‌ಮಾಸ್ತರರ ಕೋಣೆಗೆ ಹೋದರು. "ಏಳ್ರಿ ಸರ್ ಸ್ವಲ್ಪ" ಎಂದು ಆ ಹಿರಿಯರನ್ನು ಎಬ್ಬಿಸಿ ಟೇಬಲ್ಲಿನ ಕೆಳಗೆ ಬಗ್ಗಿ ನೋಡಿದರಂತೆ. ಅಲ್ಲಿ ಒಂದು ಊಟದ ಡಬ್ಬಿಯ ಹೊರತು ಬೇರೆ ಡಬ್ಬಿ ಇರಲಿಲ್ಲ.

ಇಲ್ಲಿನ ತೊಂದರೆ ಬೇರೆಯದೇ. ಸರ್ವರಿನ ಹಾರ್ಡ್‌ಡಿಸ್ಕ್ ತುಂಬಿ ತುಳುಕುತ್ತಿತ್ತು. ಹೊಸಬರು ಒಳಗೆ ಬಂದರೆ ಒಂದು ಸಣ್ಣ ಫೈಲು ಬರೆದುಕೊಳ್ಳಲೂ ಜಾಗವಿಲ್ಲ, ಹಾಗಾಗಿ ಹೊರಗೆ ದಬ್ಬುತ್ತಿತ್ತು. ಯಾರೋ ಮಾಸ್ತರರು ಇಡೀ ಊರಿಗೆ ಸಾಲುವಷ್ಟು ಸಿನಿಮಾ ಹಾಡು ತುಂಬಿಟ್ಟಿದ್ದರು. ನಾನು ಅಳಿಸಲು ಹೊರಟಾಗ ಬಾಯಾರು ಬಂದು ಪಕ್ಕದಲ್ಲಿ ಕೂತರು. ಅವರ ಮುಖ ಸ್ವಲ್ಪ ಬಾಡಿತ್ತು.

"ಡಬ್ಬಿ ಇಲ್ಲೇನು?"

"ಇಲ್ರಿ ಬಾಯಾರ. ಹಾಡು."

"ಎಲ್ಲಾ ಅಳಿಸ್ತೀರೇನು?"

"ಜಾಗಾ ಆಗಬೇಕಲ್ರಿ."

ಅವರು ಪರದೆಯ ಹತ್ತಿರ ಬಂದು ಕನ್ನಡಕ ಸರಿ ಮಾಡಿಕೊಂಡು ಹಾಡುಗಳ ಹೆಸರುಗಳನ್ನು ಮೇಲಿನಿಂದ ಕೆಳಗೆ ಓದತೊಡಗಿದರು. ನಡುವೆ ಒಂದೆರಡರ ಮೇಲೆ ಬೆರಳಿಟ್ಟು, "ಇದು ಇರಲಿ. ಇದೂ ಇರಲಿ" ಎಂದರು. ಕಡೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ನಾನು ಕುರ್ಚಿಯನ್ನು ಅವರ ಕಡೆ ಸರಿಸಿ ಮೌಸ್ ಅವರ ಕೈಗೆ ಕೊಟ್ಟೆ.